ಗೋಧಿ ಆಗದ ಮಗು

ಆ ಮಗುವನ್ನು ನಾನು ಮೊದಲ ಸಲ ತೂಗಿದ್ದು ಕೊಬ್ಬರಿ ತೂಗುವ ತಕ್ಕಡಿಯಲ್ಲಿ. ನಮ್ಮ ಡಿಸ್ಪೆನ್ಸರಿಯಲ್ಲಿ ದೊಡ್ಡವರು ಹತ್ತಿ ನಿಲ್ಲುವ ಒಂದು ತೂಕದ ಯಂತ್ರ ಇತ್ತು. ಅದರ ಮುಳ್ಳಿಗೆ ಹದಿನೈದು ಕಿಲೊದ ಕೆಳಗಿನವರು ಯಾರೂ ಮನುಷ್ಯರಲ್ಲ. ಹಾಗಾಗಿ ಎದುರಿನ ಜಿನಸಿನ ಅಂಗಡಿಗೆ ಎತ್ತಿಕೊಂಡು ಹೋಗಿ, ಒಂದು ತಟ್ಟೆಗೆ ಗೋಣಿ ಹಾಸಿ ಮಗುವನ್ನು ಕೂರಿಸಿದೆವು, ಇನ್ನೊಂದಕ್ಕೆ ಕಬ್ಬಿಣದ ಕಲ್ಲು ಏರಿಸಿದೆವು. ಒಂಬತ್ತು ಕಿಲೊ ನಾನೂರು ಗ್ರಾಂ. ನಾಲ್ಕು ವರ್ಷ ತುಂಬಿದ ಹೆಣ್ಣುಮಗು. ಅಂಗಡಿಯವರು ತಕ್ಕಡಿಯ ಮೇಲೆಯೇ ಅನುಮಾನಪಟ್ಟು ಕಲ್ಲು ಬದಲಿಸಿ ಇನ್ನೊಮ್ಮೆ ತೂಗಿದರು. ಅಷ್ಟೇ ಬಂತು.

ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಕುಂಡೆಯ ಮಾಂಸ ಇಳಿದು ಚರ್ಮ ಮಡಿಕೆ ಮಡಿಕೆಯಾಗಿ ಜೋತುಬಿದ್ದಿತ್ತು. ದಿನಕ್ಕೆ ಐದಾರು ಸಲ ಹೊಟ್ಟೆ ಹೋಗುತ್ತಿತ್ತು; ಬಿಳಿಚಿದ, ಜಿಡ್ಡಾದ, ನೀರಿನ ಮೇಲೆ ತೇಲುವ ಮಲ. ಇಂಥದ್ದನ್ನು ಬೇರೆ ಮಕ್ಕಳಲ್ಲೂ ನೋಡಿದ್ದೆ. ನೋಡದೆ ಇದ್ದದ್ದು ಆ ಮುಖ. ಅದು ಅಳುತ್ತಿರಲಿಲ್ಲ. ಯಾರಾದರೂ ಹತ್ತಿರ ಹೋದರೆ ಸಿಡುಕಿ ಮುಖ ತಿರುಗಿಸುತ್ತಿತ್ತು, ಬದುಕು ಸಾಕಾದ ಮುದುಕಿಯ ಹಾಗೆ. ನನಗೆ ಹೆದರಿಕೆಯಾದದ್ದು ಅದಕ್ಕೆ.

ಇದು ಅರುವತ್ತರ ದಶಕದ ನಡುವಿನ ಮಾತು. ಅಳದಂಗಡಿಯಿಂದ ಒಳಗೆ ಒಂದು ಹಳ್ಳಿಯ ಡಿಸ್ಪೆನ್ಸರಿಯಲ್ಲಿ ನಾನು ಕಂಪೌಂಡರ್. ಡಾಕ್ಟರರು ಚೀಟಿ ಬರೆಯುತ್ತಿದ್ದರು, ನಾನು ಮದ್ದು ಕೂಡಿಸುತ್ತಿದ್ದೆ. ಪಥ್ಯ ಹೇಳುವುದು ಮಾತ್ರ ಪೂರ್ತಿ ನನ್ನ ಇಲಾಖೆ. ಕಿಟಕಿಯ ಸರಳಿನ ನಡುವೆ ಬಾಟ್ಲಿ ದಾಟಿಸುತ್ತಾ ನಾನು ಹೇಳುವ ಮಂತ್ರ ಒಂದೇ: ಅನ್ನ ಬೇಡ, ಮೀನು ಬೇಡ, ಬ್ರೆಡ್ಡು, ರಸ್ಕು, ಬಾರ್ಲಿ ನೀರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಗಾದೆ ಇರಬಹುದು; ನಮ್ಮಲ್ಲಿ ರೋಗಿ ಬಯಸಿದ್ದು ಗಂಜಿ, ಕಂಪೌಂಡರ್ ಹೇಳಿದ್ದು ಬ್ರೆಡ್ಡು. ಬ್ರೆಡ್ಡು ಆಗ ಯಾರೂ ರುಚಿಗೆ ತಿನ್ನುವ ವಸ್ತುವಲ್ಲ. ಬಂಟ್ವಾಳದ ಬಸ್ಸಿನಿಂದ ಯಾರಾದರೂ ಬ್ರೆಡ್ಡು ಹಿಡಿದು ಇಳಿದರೆ, "ಯಾರಿಗೆ ಹುಷಾರಿಲ್ಲ?" ಎಂದು ಕೇಳುವುದೇ ವಾಡಿಕೆ.

ಮಗುವಿನ ತಾಯಿ ಬೀಡಿ ಕಟ್ಟುವವಳು. ಗಂಡ ಬೊಂಬಾಯಿಯ ಹೋಟೆಲಿನಲ್ಲಿ. ಮನೆಯಲ್ಲಿ ಅವಳು, ಅವಳ ಅತ್ತೆ, ಈ ಮಗು, ಇಷ್ಟೇ ಜನ. ನಾವೆಲ್ಲ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾವಾಗಿನಿಂದ?" ಎಂದು ಡಾಕ್ಟರರು ಕೇಳಿದರು.

"ವರ್ಷ ಆಯ್ತು ಡಾಕ್ಟ್ರೇ. ಅದರ ಮೊದಲು ಸರಿ ಇತ್ತು. ಓಡ್ತಿತ್ತು."

ಡಾಕ್ಟರರು ಹುಳದ ಮದ್ದು ಬರೆದರು. ಹುಳ ಬೀಳಲಿಲ್ಲ. ಆಮಶಂಕೆ ಇರಬಹುದು ಎಂದು ಸಲ್ಫಾ ಗುಳಿಗೆ ಕೊಟ್ಟರು. ಅದೂ ನಾಟಲಿಲ್ಲ. ಕಬ್ಬಿಣದ ಟಾನಿಕ್ಕು, ಹೊಟ್ಟೆಗೆ ಮಿಕ್ಸ್ಚರು. ಪ್ರತಿ ಸಲವೂ ನನ್ನ ಮಂತ್ರ ಜೊತೆಗಿತ್ತು. ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ವಾರಕ್ಕೆರಡು ಸಲ ಬಸ್ಸಿನಲ್ಲಿ ಬ್ರೆಡ್ಡು ತರಿಸಿ, ಹಾಲಿನಲ್ಲಿ ನೆನೆಸಿ, ಮಗು ಬಾಯಿ ಬಿಗಿಹಿಡಿದರೂ ತಿನ್ನಿಸಿದಳು. ಗುರುವಾರಕ್ಕೊಮ್ಮೆ ತೂಕ ಮಾಡಿ ಹಳೆಯ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಆರು ವಾರದಲ್ಲಿ ಮಗು ಐನೂರು ಗ್ರಾಂ ಇಳಿಯಿತು. ಹಾಗೆ ಇಳಿಯಲು ಅದರಲ್ಲಿ ಇನ್ನೆಷ್ಟಿತ್ತು?

"ಮಂಗಳೂರಿಗೆ ಕರಕೊಂಡು ಹೋಗು" ಎಂದು ಡಾಕ್ಟರರು ಹೇಳಿದರು. ಅವಳು ಒಮ್ಮೆ ಹೊರಟಳು ಕೂಡ. ಬಂಟ್ವಾಳ ಮುಟ್ಟುವ ಮೊದಲೇ ಮಗು ವಾಂತಿ ಮಾಡಿ ಮಾಡಿ ಕಣ್ಣು ಮೇಲೆ ಮಾಡಿತು. ಕಂಡಕ್ಟರನೇ ಬಸ್ಸು ನಿಲ್ಲಿಸಿ ಅವರನ್ನು ಊರಿಗೆ ಮರಳುವ ಬಸ್ಸಿಗೆ ಹತ್ತಿಸಿದ. ಆಮೇಲೆ ಆ ಮಾತನ್ನು ಎತ್ತಲು ನಮಗೆ ಯಾರಿಗೂ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಮೂಡುಬಿದಿರೆಯ ಅವಳ ತವರಿನಲ್ಲಿ ತಂಗಿಯ ಹೆರಿಗೆ. ಅವಳು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಒಂದು ಜೀಪಿನಲ್ಲಿ ಹೋದಳು, ಮೂರು ವಾರ ಅಲ್ಲೇ ಉಳಿದಳು. ಮದ್ದು ಹತ್ತು ದಿನಕ್ಕಷ್ಟೇ ಕೊಟ್ಟಿದ್ದೆ. ಮಗು ಹೋದದ್ದು ಎಂಟು ಕಿಲೊ ಒಂಬೈನೂರಕ್ಕೆ. ತಿರುಗಿ ಬಂದಾಗ ಒಂಬತ್ತು ಏಳುನೂರು. ಅಂಗಡಿಯವರು ಈ ಸಲವೂ ಕಲ್ಲು ಬದಲಿಸಿದರು. ತಟ್ಟೆಯಲ್ಲಿ ಕೂತ ಮಗು ಮೊದಲ ಸಲ ಸರಪಳಿ ಹಿಡಿದು ಅಲ್ಲಾಡಿಸಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

"ಎಂತ ಕೊಟ್ಟೆ ಅಲ್ಲಿ?"

"ನೀವು ಹೇಳಿದ್ದೇ ಡಾಕ್ಟ್ರೇ. ಬ್ರೆಡ್ಡು, ಬಾರ್ಲಿ." ಕಂಪೌಂಡರನನ್ನೂ ಡಾಕ್ಟ್ರೇ ಎನ್ನುವುದು ನಮ್ಮ ಕಡೆಯ ಮರ್ಯಾದೆ.

"ಕಂಡೆಯಾ? ಪಥ್ಯ ಸರಿಯಾಗಿ ಮಾಡಿದರೆ ಹೇಗೆ ಹಿಡೀತದೆ ಅಂತ! ಇದನ್ನೇ ಮುಂದುವರಿಸು" ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದೆ. ನೋಟುಬುಕ್ಕಿನಲ್ಲಿ 'ಪಥ್ಯದಿಂದ ಗುಣ' ಎಂದು ಬರೆದು ಕೆಳಗೆ ಗೆರೆ ಎಳೆದೆ. ಆ ಗೆರೆ ಈಗಲೂ ಕಣ್ಣಿಗೆ ಕಟ್ಟುತ್ತದೆ, ನಾಚಿಕೆಯಾಗುತ್ತದೆ.

ಎರಡು ವಾರದಲ್ಲಿ ಮಗು ಒಂಬತ್ತು ಕಿಲೊ ನೂರು ಗ್ರಾಂಗೆ ಇಳಿಯಿತು. ಮತ್ತೆ ಎರಡು ವಾರಕ್ಕೆ ಎಂಟು ಆರುನೂರು. ಆ ಗುರುವಾರ ನಾನು ತಾಯಿಯ ಮೇಲೆ ರೇಗಿದೆ. ಏನೋ ಕದ್ದು ತಿನ್ನಿಸುತ್ತಿದ್ದಿ, ಮಗು ಬೇಕಾ ಬೇಡವಾ ನಿನಗೆ ಎಂದು ಕೇಳಿದೆ. ಅವಳು ಸೆರಗಿನ ತುದಿ ಹಿಂಡುತ್ತಾ ನಿಂತಳು.

ಮರುದಿನ ಅವಳ ಅತ್ತೆ ಒಬ್ಬರೇ ಬಂದರು. ಕೋಲು ಊರಿಕೊಂಡು, ಸಾಲನ್ನೆಲ್ಲ ದಾಟಿ, ನೇರ ಕಿಟಕಿಗೆ.

"ಕಂಪೌಂಡ್ರೇ, ನನ್ನ ಸೊಸೆ ಸುಳ್ಳು ಹೇಳಿದ್ದು. ನಿನ್ನೆ ರಾತ್ರಿ ನನ್ನ ಹತ್ತಿರ ಒಪ್ಪಿಕೊಂಡಳು. ಮೂಡುಬಿದಿರೆಯಲ್ಲಿ ಮಗು ಬ್ರೆಡ್ಡಿನ ಮುಖ ನೋಡಲಿಲ್ಲ. ಬಾಣಂತಿ ಮನೆಯಲ್ಲಿ ಬ್ರೆಡ್ಡು ತರಲಿಕ್ಕೆ ಯಾರುಂಟು? ಗಂಜಿ ಉಂಡದ್ದು. ಒಣಮೀನಿನ ಚಟ್ನಿ ನೆಕ್ಕಿ ನೆಕ್ಕಿ ಉಂಡದ್ದು."

"ಮತ್ತೆ ಯಾಕೆ ನನ್ನ ಹತ್ತಿರ ಹಾಗೆ ಹೇಳಿದ್ದು?"

"ನೀವು ಬೈತೀರಿ ಅಂತ. ಇನ್ನೆಂತಕ್ಕೆ?"

ಸಾಲಿನಲ್ಲಿ ಯಾರೋ ನಕ್ಕರು. ನಾನು ಅಜ್ಜಿಯನ್ನು ಒಳಗೆ ಬೆಂಚಿನ ಮೇಲೆ ಕೂರಿಸಿದೆ. ಗಿರಾಕಿಗಳನ್ನು ಕಳಿಸಿದ ಮೇಲೆ ನೋಟುಬುಕ್ಕು ತೆಗೆದು, ಪ್ರತಿ ತೂಕದ ಎದುರು ಆ ವಾರ ಮಗುವಿನ ಹೊಟ್ಟೆಗೆ ಹೋದದ್ದೇನು ಎಂದು ಅಜ್ಜಿಯಿಂದ ಕೇಳಿ ಪೆನ್ಸಿಲಿನಲ್ಲಿ ಬರೆಯುತ್ತಾ ಹೋದೆ. ಕಾಯಿಲೆ ಶುರುವಾದ ಆ ಹಿಂದಿನ ವರ್ಷಕ್ಕೂ ಹೋದೆ. ಅಕ್ಕಿಗೆ ಬರ ಬಂದು ಸೊಸೈಟಿಯಲ್ಲಿ ರೇಶನ್ನಿಗೆ ಅರ್ಧ ಗೋಧಿ ಕೊಡಲು ಶುರು ಮಾಡಿದ ವರ್ಷ ಅದು. ಅಜ್ಜಿ ಗೋಧಿ ಕಡಿ ಮಾಡಿಸಿ ಮಗುವಿಗೆ ಬೆಲ್ಲ ಹಾಕಿ ಬೇಯಿಸಿ ಕೊಡುತ್ತಿದ್ದರಂತೆ. ನಮಗೆ ಅಕ್ಕಿ ಇಲ್ಲದಿದ್ದರೆ ಏನು, ಮಗುವಿಗೆ ಶಕ್ತಿ ಬರಲಿ ಎಂದು.

ಪುಟ ತುಂಬಿದ ಮೇಲೆ ಮೇಲಿನಿಂದ ಕೆಳಗೆ ಓದಿದೆ. ಗೋಧಿ ನಿಂತಾಗ ಮಗು ಏರಿದೆ, ಗೋಧಿ ಬಂದಾಗ ಇಳಿದಿದೆ. ಬ್ರೆಡ್ಡೂ ಗೋಧಿಯೇ ತಾನೆ.

ಡಾಕ್ಟರರು ಮೊದಲು ನಕ್ಕರು. "ಗಂಜಿ ಮತ್ತು ಒಣಮೀನಿನಿಂದ ಭೇದಿ ನಿಲ್ಲಿಸಿದ ಮೊದಲ ಕಂಪೌಂಡರ್ ನೀನೇ ಮಾರಾಯ" ಎಂದರು. ಆಮೇಲೆ ಕನ್ನಡಕ ಏರಿಸಿ ಪುಟವನ್ನು ಎರಡು ಸಲ ಓದಿದರು. ನಗು ನಿಂತಿತು. ಮಂಗಳೂರಿನಲ್ಲಿದ್ದ ಪರಿಚಯದ ಮಕ್ಕಳ ಡಾಕ್ಟರರಿಗೆ ಅಂದೇ ಕಾಗದ ಬರೆದರು, ನನ್ನ ತೂಕಗಳನ್ನು ನಕಲು ಮಾಡಿಸಿ ಜೊತೆಗಿಟ್ಟರು.

ಐದನೇ ದಿನ ಉತ್ತರ ಬಂತು. ಇದು ಸೀಲಿಯಾಕ್ ಎಂಬ ಕಾಯಿಲೆ ಇರಬಹುದು. ಅನ್ನ ಉಣ್ಣುವ ನಮ್ಮ ಊರುಗಳಲ್ಲಿ ಇದ್ದರೂ ಕಣ್ಣಿಗೆ ಬೀಳುವುದು ಕಷ್ಟ. ಗೋಧಿ, ಬಾರ್ಲಿಯಲ್ಲಿ ಗ್ಲೂಟೆನ್ ಎಂಬ ಅಂಟು ಇದೆ, ಕೆಲವರ ಕರುಳಿಗೆ ಅದು ಆಗುವುದಿಲ್ಲ. ಇದಕ್ಕೆ ಮದ್ದಿಲ್ಲ. ಊಟವೇ ಮದ್ದು. ಒಂದು ಚಿಟಿಕೆಯೂ ಹೊಟ್ಟೆಗೆ ಹೋಗಬಾರದು. ಮಗು ಈಗಿರುವ ಸ್ಥಿತಿಯಲ್ಲಿ ಹೆಚ್ಚು ಕಾಯುವ ಹಾಗಿಲ್ಲ. ಇಷ್ಟು ಬರೆದಿದ್ದರು.

ಕೊನೆಯ ಸಾಲನ್ನು ನಾನು ತಾಯಿಗೆ ಓದಿ ಹೇಳಲಿಲ್ಲ. ಉಳಿದದ್ದನ್ನು ಹೇಳಿದೆ. ಬ್ರೆಡ್ಡು, ರಸ್ಕು, ಬಿಸ್ಕೀಟು, ರವೆ, ಬಾರ್ಲಿ ಎಲ್ಲ ಬಂದ್. ಕುಚ್ಚದ ಬೆಳ್ತಿಗೆ ಅಕ್ಕಿಯ ಗಂಜಿ, ರಾಗಿ ಸೋಸಿ ಕಾಸಿದ ಮಣ್ಣಿ, ಕೂವೆ ಗಡ್ಡೆಯ ಹುಡಿ ಕಾಸಿದ್ದು, ಹಣ್ಣಾದ ಕದಳಿ ಬಾಳೆ, ಬೇಯಿಸಿದ ಮೀನು, ಕಡೆದ ಮಜ್ಜಿಗೆ. ಹಾಲು ಸದ್ಯಕ್ಕೆ ಬೇಡ. ಮಗುವಿಗೆ ಬೇರೆ ಪಾತ್ರೆ, ಬೇರೆ ಸೌಟು. ರಾಗಿಯನ್ನು ಗಿರಣಿಗೆ ಒಯ್ಯಬಾರದು, ಅಲ್ಲಿ ಹಿಂದಿನವರ ಗೋಧಿ ಹಿಟ್ಟು ಕಲ್ಲಿಗೆ ಮೆತ್ತಿಕೊಂಡಿರುತ್ತದೆ. ಮನೆಯ ಬೀಸುಕಲ್ಲಿನಲ್ಲೇ ಬೀಸಬೇಕು. ಅವಳು ಒಂದೊಂದನ್ನೂ ಬೆರಳು ಮಡಚಿ ಕೇಳಿಸಿಕೊಂಡಳು.

"ನೀವೇ ಹೇಳಿದ್ದಲ್ವಾ ಡಾಕ್ಟ್ರೇ, ಬ್ರೆಡ್ಡು ಅಂತ?" ಎಂದಳು, ಗದರಿಸುವುದಕ್ಕಲ್ಲ, ಸರಿಯಾಗಿ ಅರ್ಥವಾಯಿತೇ ಎಂದು ನೋಡುವುದಕ್ಕೆ.

"ಹೌದು. ಆಗ ಗೊತ್ತಿರಲಿಲ್ಲ."

"ಆಯ್ತು" ಎಂದಳು. ರೇಶನ್ನಿನ ಅರ್ಧ ಗೋಧಿಯನ್ನು ಅತ್ತೆ ಸೊಸೆ ಇಬ್ಬರೇ ತಿಂದು ಸಿಕ್ಕ ಅಕ್ಕಿಯನ್ನೆಲ್ಲ ಮಗುವಿಗೆ ಇಟ್ಟರು ಎಂಬುದು ನನಗೆ ತಿಳಿದದ್ದು ಆಮೇಲೆ.

ಹದಿನೈದು ದಿನಕ್ಕೆ ಮಗು ಒಂಬತ್ತು ಇನ್ನೂರು ಮುಟ್ಟಿತು. ಮಲ ಗಟ್ಟಿಯಾಗುತ್ತಾ ಬಂತು, ಆದರೂ ದಿನಕ್ಕೆ ಎರಡು ಸಲ ತೆಳ್ಳಗೆ ಹೋಗುತ್ತಿತ್ತು. ಅದನ್ನೂ ಹಿಡಿದು ನಿಲ್ಲಿಸುವ ಎಂದು ಡಾಕ್ಟರರು ಮಿಕ್ಸ್ಚರು ಬಿಡಿಸಿ ಸೀಮೆಸುಣ್ಣ ಮತ್ತು ಬಿಸ್ಮತ್ತಿನ ಪುಡಿ ಬರೆದರು. ದಿನಕ್ಕೆ ಮೂರು ಪೊಟ್ಟಣ, ಜೇನಿನಲ್ಲಿ. ಭರಣಿಯಲ್ಲಿ ಕಲಸಿಟ್ಟ ಪುಡಿ ಇತ್ತು. ಕಾಗದ ಮಡಚಿ ವಾರಕ್ಕೆ ಇಪ್ಪತ್ತೊಂದು ಪೊಟ್ಟಣ ಕಟ್ಟಿಕೊಟ್ಟೆ.

ಮುಂದಿನ ಗುರುವಾರ ತೂಕ ಏರಲಿಲ್ಲ. ಅದರ ಮುಂದಿನದಕ್ಕೆ ಎಂಟು ಒಂಬೈನೂರು. ಆಮೇಲೆ ಎಂಟು ಏಳುನೂರು, ಅದೂ ಕಾಲಿಗೆ ನೀರು ತುಂಬಿ. ಪಾದದ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲುತ್ತಿತ್ತು. ನೀರಿನ ಭಾರ ಕಳೆದರೆ ಮಗುವಿನದ್ದು ಎಂದು ಉಳಿಯುವ ತೂಕ ಎಷ್ಟು ಎಂದು ಲೆಕ್ಕ ಹಾಕಲು ನನಗೆ ಮನಸ್ಸು ಬರಲಿಲ್ಲ. ಮಗು ಮತ್ತೆ ಮುಖ ತಿರುಗಿಸಲು ಶುರು ಮಾಡಿತ್ತು.

"ಇನ್ನೊಂದು ಹತ್ತು ದಿನ ಹೀಗೇ ಹೋದರೆ ಉಳಿಯುವುದಿಲ್ಲ" ಎಂದು ಡಾಕ್ಟರರು ತಾಯಿ ಹೊರಗೆ ಹೋದ ಮೇಲೆ ನನಗೆ ಹೇಳಿದರು. "ಎಲ್ಲಿಂದಲೋ ಗೋಧಿ ಹೋಗ್ತಾ ಉಂಟು. ಹೋಗಿ ನೋಡಿ ಬಾ."

ನನಗೆ ಯಾರೆಂದು ಗೊತ್ತಿತ್ತು. ಮುದುಕಿ. ಮೊಮ್ಮಗಳು ಸೊರಗುವುದನ್ನು ನೋಡಲಾರದೆ ಸೊಸೆಯ ಕಣ್ಣು ತಪ್ಪಿಸಿ ಒಂದು ಬಿಸ್ಕೀಟು ಕೊಡುತ್ತಿರಬೇಕು. ಅಜ್ಜಿಯಂದಿರು ಇರುವುದೇ ಅದಕ್ಕಲ್ಲವೇ. ಒಂದು ತುಂಡು ಮಸ್ಲಿನ್ ಬಟ್ಟೆ ಕಿಸೆಗೆ ಹಾಕಿಕೊಂಡು ಮಧ್ಯಾಹ್ನವೇ ಹೊರಟೆ.

ಜಗಲಿಯಲ್ಲಿ ತಾಯಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಮಗು ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿತ್ತು. ನಾನು ಪೀಠಿಕೆ ಹಾಕಲಿಲ್ಲ.

"ಅಜ್ಜೀ, ನಿಜ ಹೇಳಿ. ಮಗುವಿಗೆ ಎಂತ ಕೊಡ್ತಾ ಇದ್ದೀರಿ?"

ಅಜ್ಜಿ ನನ್ನನ್ನೇ ನೋಡಿದರು. "ನೋಡಿ" ಎಂದು ಒಳಗೆ ಹೋಗಿ, ಮಗುವಿಗೆಂದು ಬೇರೆ ಇಟ್ಟಿದ್ದ ಡಬ್ಬಿಗಳನ್ನೆಲ್ಲ ತಂದು ಜಗಲಿಯಲ್ಲಿ ಸಾಲಾಗಿ ಇಟ್ಟರು. ಅಕ್ಕಿ, ರಾಗಿ ಹಿಟ್ಟು, ಕೂವೆ ಹುಡಿ, ಬೆಲ್ಲ, ಉಪ್ಪು. ಕೂವೆ ಹುಡಿ ಅಂಗಡಿಯದ್ದಾದರೆ ಅದಕ್ಕೆ ಮೈದಾ ಬೆರೆಸುತ್ತಾರೆ ಎಂದು ಕೇಳಿದ್ದೆ. ಅದಕ್ಕೇ ಬಟ್ಟೆ ತಂದದ್ದು. ಪರೀಕ್ಷೆ ಸುಲಭ. ಹುಡಿಗೆ ಸ್ವಲ್ಪ ನೀರು ಹಾಕಿ ಮುದ್ದೆ ಮಾಡಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಬಟ್ಟೆಯಲ್ಲಿ ಕಟ್ಟಿ ನೀರು ಹೊಯ್ಯುತ್ತಾ ಹಿಚುಕಬೇಕು. ಕೂವೆಯಾದರೆ ಪೂರ್ತಿ ಹಾಲಿನಂತೆ ಕರಗಿ ಹೋಗುತ್ತದೆ. ಗೋಧಿ ಬೆರೆತಿದ್ದರೆ ಹಿಟ್ಟೆಲ್ಲ ಹೋದ ಮೇಲೂ ಬಟ್ಟೆಯಲ್ಲಿ ಹಲಸಿನ ಮೇಣದಂಥ ಅಂಟು ಉಳಿಯುತ್ತದೆ. ಕಾಗದದಲ್ಲಿ ಬರೆದಿದ್ದ ಗ್ಲೂಟೆನ್ ಎಂದರೆ ಅದೇ.

ಅಜ್ಜಿ ತಂಬಿಗೆಯಿಂದ ನೀರು ಹೊಯ್ದರು, ನಾನು ಹಿಚುಕಿದೆ. ಬಟ್ಟೆ ಬಿಡಿಸಿದರೆ ಏನೂ ಇಲ್ಲ. ರಾಗಿ ಹಿಟ್ಟು ತೊಳೆದೆ. ತೌಡು ಉಳಿಯಿತು, ಅಂಟಿಲ್ಲ. ಅವರ ಡಬ್ಬಿಯ ಬೆಲ್ಲವನ್ನೂ ಬಿಡದೆ ಕರಗಿಸಿ ನೋಡಿದೆ. ನನಗೇ ಸಿಗ್ಗಾಗತೊಡಗಿತು, ಆದರೂ ಬಿಗುಮಾನ ಬಿಡಲಿಲ್ಲ.

"ಬಿಸ್ಕೀಟು?"

"ನಮ್ಮ ಮನೆಯದ್ದೆಲ್ಲ ತೊಳೆದು ನೋಡಿದಿರಿ" ಎಂದರು ಅಜ್ಜಿ. ಅವರಿಗೆ ಸಿಟ್ಟು ಬಂದಿತ್ತು. "ಮಗುವಿನ ಬಾಯಿಗೆ ಹೋಗುವುದು ನಮ್ಮ ಮನೆಯದ್ದು ಮಾತ್ರವಾ?" ಗೂಡಿನಲ್ಲಿದ್ದ ನನ್ನ ಪೊಟ್ಟಣಗಳ ಕಟ್ಟನ್ನು ತೆಗೆದು ಡಬ್ಬಿಗಳ ಸಾಲಿನ ಕೊನೆಗೆ ಇಟ್ಟರು. "ಇದನ್ನೂ ತೊಳೆಯಿರಿ."

"ಅದು ಮದ್ದು ಅಜ್ಜಿ" ಎಂದು ನಕ್ಕೆ. ಬಟ್ಟೆ ಹಿಂಡಿ ಕಿಸೆಗೆ ಹಾಕಿಕೊಂಡು ಎದ್ದು ಬಂದೆ.

ಗದ್ದೆಯ ಬದುವಿನ ಮೇಲೆ ಅರ್ಧ ದಾರಿ ಬಂದಿದ್ದೆ. ಕಾಲು ತನ್ನಷ್ಟಕ್ಕೆ ನಿಂತಿತು.

ಮಕ್ಕಳಿಗೆ ಕೊಡುವ ಪುಡಿಯ ಪ್ರಮಾಣ ತೀರಾ ಸಣ್ಣದು, ಕಾಗದದಲ್ಲಿ ಮಡಚಲು ಸಿಗುವುದೇ ಇಲ್ಲ. ಅದಕ್ಕೆ ಲ್ಯಾಕ್ಟೋಸ್ ಎನ್ನುವ ಹಾಲಿನ ಸಕ್ಕರೆ ಬೆರೆಸಿ ಗಾತ್ರ ಹೆಚ್ಚಿಸುವುದು ಕ್ರಮ. ಆ ವರ್ಷವೂ ನಮಗೆ ಹಾಲಿನ ಸಕ್ಕರೆ ಬರಲಿಲ್ಲ. ಅದು ಇಲ್ಲದಾಗ ಏನು ಮಾಡಬೇಕೆಂದು ನನಗೆ ಕೆಲಸ ಕಲಿಸಿದ ಹಿರಿಯ ಕಂಪೌಂಡರು ಹೇಳಿಕೊಟ್ಟಿದ್ದರು: ಬಾಟ್ಲಿಗೆ ಚೀಟಿ ಅಂಟಿಸಲು ತಂದಿಟ್ಟ ಮೈದಾ ಇದೆಯಲ್ಲ, ಅದನ್ನೇ ಜರಡಿ ಹಿಡಿದು ಹಾಕು, ಬಣ್ಣವೂ ಬಿಳಿ, ರುಚಿಯೂ ಇಲ್ಲ, ಯಾರಿಗೂ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಹಾಗೇ ಮಾಡಿದ್ದೆ, ಯಾರಿಗೂ ಏನೂ ಆಗಿರಲಿಲ್ಲ. ಆ ಭರಣಿಯನ್ನೂ ನಾನೇ ಕಲಸಿದ್ದು. ಎರಡು ಪಾಲು ಮೈದಾ, ಒಂದು ಪಾಲು ಮದ್ದು. ಗೋಧಿಯ ಚಿಟಿಕೆಯೂ ಬೇಡ ಎಂದು ತಾಯಿಗೆ ಹೇಳುವಾಗ ಇದು ನೆನಪಾಗಲಿಲ್ಲವೇ ಎಂದು ಕೇಳಬಹುದು. ಆಗಲಿಲ್ಲ. ಭರಣಿಗೆ ಬಿದ್ದ ಮೇಲೆ ಅದು ನನ್ನ ಪಾಲಿಗೆ ಹಿಟ್ಟಲ್ಲ, ಪುಡಿ.

ಡಿಸ್ಪೆನ್ಸರಿಗೆ ಓಡಿದೆ. ಭರಣಿಯಿಂದ ನಾಲ್ಕು ಚಮಚ ತೆಗೆದು ಕಲಸಿ ಇಟ್ಟೆ. ಅರ್ಧ ಗಂಟೆ ಕಾಯುವ ವ್ಯವಧಾನ ಇರಲಿಲ್ಲ, ಆದರೂ ಗಡಿಯಾರ ನೋಡುತ್ತಾ ಕಾದೆ. ಅದೇ ಬಟ್ಟೆ, ಅದೇ ಹಿಚುಕು. ಸುಣ್ಣ ಹೋಯಿತು, ಹಿಟ್ಟು ಹೋಯಿತು, ನೀರು ತಿಳಿಯಾಯಿತು. ಬಟ್ಟೆ ಬಿಡಿಸಿದೆ. ಹುಣಸೆಬೀಜದಷ್ಟು ಬೂದು ಬಣ್ಣದ ಅಂಟು. ಎಳೆದರೆ ಎಳೆ ಬಂತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಎಂದರೆ ಇದೇ. ನಾನು ಬೆಂಚಿನ ಮೇಲೆ ಕೂತು ಅತ್ತೆ. ಅದನ್ನು ಯಾಕೆ ಮುಚ್ಚಿಡಲಿ.

ಡಾಕ್ಟರರು ಬಂದು ಬಟ್ಟೆ ನೋಡಿದರು. ಭರಣಿಯನ್ನು ತಾವೇ ಎತ್ತಿ ಹಿತ್ತಿಲ ಗುಂಡಿಗೆ ಸುರಿದರು. ಬೈಯಲಿಲ್ಲ.

"ಪೊಟ್ಟಣ ವಾಪಸು ತರಿಸು. ಹೊಸ ಮದ್ದು ಬಂದಿದೆ, ಹಳೆಯದು ಸಾಕು ಅಂತ ಹೇಳು."

"ನಿಜ ಹೇಳುವುದು ಬೇಡವಾ ಡಾಕ್ಟ್ರೇ?"

"ಕೂತುಕೊಂಡು ಯೋಚನೆ ಮಾಡು. ಒಮ್ಮೆ ಬ್ರೆಡ್ಡು ಅಂದಿ, ತಪ್ಪಾಯ್ತು. ಈಗ ನಿನ್ನ ಪುಡಿಯೇ ತಪ್ಪು ಅಂತೀ. ಅವಳು ಇನ್ನು ನಿನ್ನ ಯಾವ ಮಾತು ನಂಬ್ತಾಳೆ? ಗೋಧಿ ಬೇಡ ಎನ್ನುವುದನ್ನೂ ಬಿಡ್ತಾಳೆ. ಮಗುವನ್ನು ಎತ್ತಿಕೊಂಡು ಯಾರ ಹತ್ತಿರ ಹೋಗ್ತಾಳೋ! ನಿನಗೆ ಹಗುರ ಆಗಲಿಕ್ಕೆ ಮಗುವನ್ನು ಕಳೀಬೇಡ."

ಅವರು ಹೇಳಿದ್ದು ಸುಳ್ಳಲ್ಲ. ನಾನು ಬೆಳಿಗ್ಗೆಯವರೆಗೆ ಅದನ್ನೇ ತಿರುವಿ ಹಾಕಿದೆ. ಕಡೆಗೆ ನನ್ನನ್ನು ತಳ್ಳಿದ್ದು ಸತ್ಯಸಂಧತೆಯೇನಲ್ಲ, ಒಂದು ಸಾದಾ ಲೆಕ್ಕ. ಜಗತ್ತಿನಲ್ಲಿ ಮೈದಾ ಬೆರೆಸುವ ಕಂಪೌಂಡರ್ ನಾನೊಬ್ಬನೇ ಅಲ್ಲ. ನಾಳೆ ಈ ಮಗುವಿಗೆ ಜ್ವರ ಬಂದು ಅವಳು ಬೆಳ್ತಂಗಡಿಗೋ ಮೂಡುಬಿದಿರೆಗೋ ಹೋದರೆ, ಅಲ್ಲಿ ಒಬ್ಬ ಇನ್ನೊಂದು ಭರಣಿಯಿಂದ ಪುಡಿ ಕಟ್ಟಿಕೊಡುತ್ತಾನೆ. ಮದ್ದಿನಲ್ಲೂ ಗೋಧಿ ಇರಬಹುದು ಎಂದು ಗೊತ್ತಿಲ್ಲದಿದ್ದರೆ ಅವಳು ಕೇಳುವುದು ಹೇಗೆ?

ಹೋದೆ. ಜಗಲಿಯಲ್ಲಿ ನಿಂತುಕೊಂಡೇ ಹೇಳಿದೆ. ಬಟ್ಟೆಯಲ್ಲಿದ್ದ ಅಂಟನ್ನೂ ತೋರಿಸಿದೆ. ಅಜ್ಜಿ ಒಮ್ಮೆ ಅದನ್ನು ಮುಟ್ಟಿ ಬೆರಳು ಒರೆಸಿಕೊಂಡರು. ನಿಮ್ಮ ಮೇಲೆ ಸಂಶಯಪಟ್ಟದ್ದು ನನ್ನ ತಪ್ಪು ಎಂದು ಅವರಿಗೆ ಹೇಳಿದೆ.

ತಾಯಿಯ ಕೈಯಲ್ಲಿ ಅರ್ಧ ಸುತ್ತಿದ ಬೀಡಿ ಇತ್ತು. ಅದನ್ನು ಮೊರಕ್ಕೆ ಹಾಕಿ ಮಾತಾಡಿದಳು. ಸ್ವರ ಏರಿಸಲಿಲ್ಲ.

"ಅದು ಪುಡಿ ಬೇಡ ಅಂತ ಹಲ್ಲು ಕಚ್ಚುತ್ತಿತ್ತು ಡಾಕ್ಟ್ರೇ. ಅತ್ತೆಯೂ ಹೇಳಿದರು, ನಿಲ್ಲಿಸಿ ನೋಡುವ ಅಂತ. ನಾನು ಕೇಳಲಿಲ್ಲ. ಮೂಗು ಹಿಡಿದು ಬಾಯಿ ಬಿಡಿಸಿ ನುಂಗಿಸಿದೆ. ಒಂದು ಪೊಟ್ಟಣ ತಪ್ಪಿಸಲಿಲ್ಲ. ನೀವು ಹೇಳಿದ್ದಲ್ವಾ."

ಅವಳು ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು. ಪೊಟ್ಟಣಗಳನ್ನು ನನ್ನ ಕೈಗೆ ಕೊಟ್ಟು, ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಗಂಜಿ ಮುಂದುವರಿಸಿ, ಬೇರೇನೂ ಬೇಡ, ಗುರುವಾರ ತೂಕಕ್ಕೆ ತನ್ನಿ ಎಂದು ಮುಚ್ಚಿದ ಬಾಗಿಲಿಗೆ ಹೇಳಿ ಬಂದೆ.

ಗುರುವಾರ ಅವಳು ಬರಲಿಲ್ಲ. ಡಾಕ್ಟರರು ನನ್ನನ್ನು ನೋಡಿ ಮುಂದಿನ ರೋಗಿಯನ್ನು ಕರೆದರು. ಆ ವಾರ ನಾನು ಎರಡು ಬಾಟ್ಲಿಗೆ ಚೀಟಿ ಅದಲುಬದಲು ಮಾಡಿದೆ. ಪುಣ್ಯಕ್ಕೆ ಎರಡೂ ಕೆಮ್ಮಿನ ಮದ್ದು. ಆ ಕಡೆಯಿಂದ ಯಾರು ಬಂದರೂ ಊರಲ್ಲಿ ಏನಾದರೂ ವಿಶೇಷ ಉಂಟಾ ಎಂದು ಕೇಳುತ್ತಿದ್ದೆ. ಸಾವಿನ ಸುದ್ದಿಯಾದರೆ ಕೇಳದೆಯೂ ಹೇಳುತ್ತಾರೆ ಎಂಬ ಬುದ್ಧಿಯೂ ಆಗ ಇರಲಿಲ್ಲ.

ಅದರ ಮುಂದಿನ ಗುರುವಾರ ಬಂದಳು. ಮಗು ಸೊಂಟದಲ್ಲಿತ್ತು. ನೇರ ಅಂಗಡಿಗೆ ಹೋದೆವು. ಎಂಟು ಮುನ್ನೂರು. ಮತ್ತೂ ನಾನೂರು ಗ್ರಾಂ ಇಳಿದಿತ್ತು. ಅಂಗಡಿಯವರು ಕಲ್ಲಿಗೆ ಕೈ ಹಾಕಿದವರು ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದರು.

"ಕಾಲು ನೋಡಿ" ಎಂದಳು ತಾಯಿ.

ಮಂಡಿಯೂರಿ ಕೂತು ಪಾದದ ಮೇಲೆ ಹೆಬ್ಬೆರಳು ಒತ್ತಿದೆ. ಗುಳಿ ಬೀಳಲಿಲ್ಲ. ಇನ್ನೊಂದು ಕಾಲು ಒತ್ತಿದೆ. ಅಲ್ಲೂ ಇಲ್ಲ. ಇಳಿದದ್ದು ನೀರು. ಅದೂ ನಾನೂರಕ್ಕಿಂತ ಹೆಚ್ಚೇ ಇದ್ದಿರಬೇಕು. ಒಳಗೆ ಮಗು ಹಿಡಿಯಷ್ಟು ಮಾಂಸ ಕಟ್ಟಿಕೊಂಡಿತ್ತು. ಮಲ ದಿನಕ್ಕೆ ಒಂದು ಸಲ, ಗಟ್ಟಿ. ನಾನು ಮೂರನೇ ಸಲ ಒತ್ತಲು ಹೋದಾಗ ಮಗು ನನ್ನ ಕೈಗೆ ಒದೆಯಿತು. ಒದೆತದಲ್ಲಿ ಜೋರಿತ್ತು.

ಎರಡು ತಿಂಗಳಲ್ಲಿ ಅದು ಹನ್ನೊಂದು ಕಿಲೊ ದಾಟಿ ಅಂಗಡಿಯ ತಕ್ಕಡಿಯಲ್ಲಿ ಕೂರಲು ಒಪ್ಪದೆ ಓಡತೊಡಗಿತು. ಆಮೇಲೆ ಒಂದು ದಿನ ಮಗುವಿಗೆ ಕೆಮ್ಮು ಎಂದು ತಾಯಿ ಸಾಲಿನಲ್ಲಿ ನಿಂತಳು. ನಾನು ಅವಳ ಮನೆಗೆ ಹೋಗಿ ಹೇಳಿಬಂದ ಸಂಗತಿ ಊರಿನಲ್ಲಿ ಹರಡಿರಲಿಲ್ಲ. ಅವಳೂ ಹೇಳಿರಲಿಲ್ಲ, ಅಜ್ಜಿಯೂ ಹೇಳಿರಲಿಲ್ಲ. ಡಾಕ್ಟರರ ಚೀಟಿಯಂತೆ ಮದ್ದು ಕೂಡಿಸಿ ಬಾಟ್ಲಿಯನ್ನು ಸರಳಿನ ನಡುವೆ ದಾಟಿಸಿದೆ. ಅವಳು ಕೈ ಚಾಚಲಿಲ್ಲ.

"ಇದರಲ್ಲಿ ಎಂತೆಂತ ಉಂಟು ಡಾಕ್ಟ್ರೇ?"

ಕಂಪೌಂಡರನ ಹತ್ತಿರ ಹಾಗೆ ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ನಾನು ಇದಕ್ಕೆ ಏನು ಹೇಳುತ್ತೇನೆಂದು ಎಲ್ಲರೂ ಕತ್ತು ಚಾಚಿದರು.

ನಾನು ಕಪಾಟಿನಿಂದ ಬಾಟ್ಲಿಗಳನ್ನು ಒಂದೊಂದಾಗಿ ಇಳಿಸಿ ಕಿಟಕಿಯ ಹಲಗೆಯ ಮೇಲೆ ಇಟ್ಟೆ. ಇದು ಜೇಷ್ಠಮಧುವಿನ ಸಾರ, ಇದು ಶುಂಠಿಯದ್ದು, ಇದು ನವಸಾಗರ, ಇದು ಸಕ್ಕರೆ ಪಾಕ, ಉಳಿದದ್ದು ನೀರು ಎಂದು ಹೇಳಿದೆ. ಅವಳು ಬೆರಳು ಮಡಚಿ ಕೇಳಿಸಿಕೊಂಡು, ಮದ್ದು ತೆಗೆದುಕೊಂಡು, ಮಗುವಿನ ಕೈ ಹಿಡಿದು ಹೋದಳು.

ಅವಳ ಹಿಂದೆ ಅಜ್ಜನೊಬ್ಬರು ನಿಂತಿದ್ದರು. ಹತ್ತು ವರ್ಷದಿಂದ ನನ್ನ ಕೈಯ ಮದ್ದು ಕುಡಿಯುತ್ತಿದ್ದವರು, ಒಂದು ದಿನವೂ ಎದುರು ಮಾತಾಡಿದವರಲ್ಲ. ಬಾಟ್ಲಿ ತೆಗೆದುಕೊಳ್ಳದೆ ಸರಳು ಹಿಡಿದರು.

"ನನ್ನದರಲ್ಲಿ?" ಎಂದರು.